ಕಿಟಕಿಯಾಚೆ ಸ್ನೋ, ಕಂಬದ ಮೇಲೆ ಹಕ್ಕಿ: ಅಮೆರಿಕದ ಚಳಿಗಾಲಕ್ಕೊಂದು ಹಿತ್ತಲ ಮಾರ್ಗದರ್ಶಿ

ಮಿಷಿಗನ್, ಮಿನೆಸೋಟ, ಇಲಿನಾಯ್, ಒಹಾಯೋ, ನ್ಯೂಯಾರ್ಕಿನ ಉತ್ತರ ಭಾಗ. ಈ ಕಡೆ ಇರುವ ಕನ್ನಡದವರ ಮನೆಗಳಲ್ಲಿ ನವೆಂಬರ್ ಬಂತೆಂದರೆ ಒಂದೇ ರಾಗ. ಸಂಜೆ ಐದಕ್ಕೇ ಕತ್ತಲು, ಹೊರಗೆ ಕಾಲಿಡೋ ಹಾಗಿಲ್ಲ, ಏಪ್ರಿಲ್ ಯಾವಾಗ ಬರುತ್ತೋ ಅಂತ. ಊರಿಂದ ಅಪ್ಪ ಅಮ್ಮ ಬಂದಿದ್ದರಂತೂ ಕೇಳಲೇಬೇಡಿ. ಅವರಿಗೆ ವಾಕಿಂಗ್ ಇಲ್ಲ, ಪಕ್ಕದ ಮನೆಯವರ ಜೊತೆ ಮಾತಿಲ್ಲ, ಟಿವಿ ಎಷ್ಟು ಹೊತ್ತು ನೋಡೋದು?

ಆದರೆ ಒಂದು ಮಾತು. ಹಕ್ಕಿ ನೋಡುವುದನ್ನು ಶುರು ಮಾಡೋಕೆ ಇಲ್ಲಿ ಚಳಿಗಾಲಕ್ಕಿಂತ ಒಳ್ಳೆಯ ಕಾಲ ಇಲ್ಲ. ಮರಗಳಲ್ಲಿ ಎಲೆ ಇರುವುದಿಲ್ಲ, ಹಾಗಾಗಿ ಹಕ್ಕಿಗೆ ಮರೆಯಿಲ್ಲ. ಬೇಸಿಗೆಯ ವಲಸೆ ಹಕ್ಕಿಗಳೆಲ್ಲ ದಕ್ಷಿಣಕ್ಕೆ ಹೋಗಿರುತ್ತವೆ, ಉಳಿದ ಹತ್ತು ಹನ್ನೆರಡು ಜಾತಿಗಳನ್ನು ಕಲಿತರೆ ಹಿತ್ತಲು ಪೂರ್ತಿ ನಿಮಗೆ ಗೊತ್ತಾದ ಹಾಗೆ. ಇನ್ನು ಸ್ನೋ ಬಿದ್ದ ದಿನ ನೆಲದ ಮೇಲಿನ ಬೀಜ, ಹುಳ, ಹುಲ್ಲಿನ ತೆನೆ ಎಲ್ಲ ಮುಚ್ಚಿಹೋಗುತ್ತದೆ. ಆಗ ಹಕ್ಕಿಯನ್ನು ಹುಡುಕಿಕೊಂಡು ನಾವು ಹೋಗಬೇಕಾಗಿಲ್ಲ, ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಸ್ನೋ ನೋಡುವುದೂ ಹಕ್ಕಿ ನೋಡುವುದೂ ಎರಡು ಬೇರೆ ಬೇರೆ ಹವ್ಯಾಸ ಅಂತ ಅಂದುಕೊಳ್ಳಬೇಡಿ. ಹೊರಗೆ ಎಂಥ ಸ್ನೋ ಬೀಳುತ್ತಿದೆ ಅನ್ನುವುದರ ಮೇಲೇ ಹಕ್ಕಿ ಏನು ಮಾಡುತ್ತದೆ ಅನ್ನುವುದು ನಿಂತಿದೆ.

ಮೊದಲು ಕಿಟಕಿ, ಆಮೇಲೆ ಅಂಗಡಿ

ಎಲ್ಲರೂ ಮೊದಲು ಅಂಗಡಿಗೆ ಓಡಿ ಫೀಡರ್, ಅಂದರೆ ಹಕ್ಕಿಗೆ ಕಾಳು ಹಾಕಿಡುವ ಡಬ್ಬಿ, ತರುತ್ತಾರೆ, ಆಮೇಲೆ ಎಲ್ಲಿ ಹಾಕೋದು ಅಂತ ಯೋಚಿಸುತ್ತಾರೆ. ಉಲ್ಟಾ ಮಾಡಿ. ನೀವು ಬೆಳಿಗ್ಗೆ ಕಾಫಿ ಕುಡಿಯುವ ಜಾಗ ಯಾವುದು? ಅಮ್ಮ ತರಕಾರಿ ಹೆಚ್ಚುತ್ತಾ ಕೂರುವ ಮೇಜು ಯಾವುದು? ಅಲ್ಲಿಂದ ಕಾಣುವ ಕಿಟಕಿಯೇ ನಿಮ್ಮ ಕಿಟಕಿ. ಹಿತ್ತಲ ಮೂಲೆಯಲ್ಲಿ ಚಂದದ ಮರ ಇದೆ ಅಂತ ಅದಕ್ಕೆ ಫೀಡರ್ ನೇತುಹಾಕಿದರೆ ಒಂದು ವಾರ ನೋಡುತ್ತೀರಿ, ಆಮೇಲೆ ಮರೆತುಬಿಡುತ್ತೀರಿ. ಅದಕ್ಕೆ ಕಾಳು ತುಂಬೋಕೆ ಮೊಣಕಾಲುದ್ದ ಸ್ನೋದಲ್ಲಿ ನಡೆದು ಹೋಗಬೇಕು ಬೇರೆ.

ದೂರದ ಲೆಕ್ಕ ಮಾತ್ರ ಸ್ವಲ್ಪ ಗಮನ ಇಟ್ಟು ಮಾಡಿ. ಫೀಡರ್ ಕಿಟಕಿಗೆ 3 ಅಡಿಯೊಳಗೆ ಇರಬೇಕು, ಇಲ್ಲವಾದರೆ 30 ಅಡಿಗಿಂತ ಆಚೆ ಇರಬೇಕು. ನಡುವೆ ಬೇಡ. ಹತ್ತಿರ ಇದ್ದರೆ ಹಕ್ಕಿ ಹೆದರಿ ಹಾರಿದಾಗ ಗಾಜಿಗೆ ಜೋರಾಗಿ ಬಡಿಯುವಷ್ಟು ವೇಗ ಬಂದಿರುವುದಿಲ್ಲ. ಬಹಳ ದೂರ ಇದ್ದರೆ ಅದು ಮನೆ ಕಡೆ ಹಾರುವ ಸಂದರ್ಭವೇ ಕಮ್ಮಿ. ಗಾಜಿನಲ್ಲಿ ಆಕಾಶ ಮತ್ತು ಮರದ ಪ್ರತಿಬಿಂಬ ಕಂಡು ಹಕ್ಕಿ ನೇರವಾಗಿ ಬಂದು ಬಡಿಯುವುದು ಸಣ್ಣ ವಿಷಯ ಅಲ್ಲ. 2014ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಅಮೆರಿಕದಲ್ಲಿ ವರ್ಷಕ್ಕೆ 36 ಕೋಟಿಯಿಂದ ಸುಮಾರು 100 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ. ಗಾಜಿನ ಹೊರಮೈಗೆ ಎರಡೆರಡು ಇಂಚಿಗೆ ಒಂದರಂತೆ ಚುಕ್ಕಿಗಳ ಸ್ಟಿಕರ್ ಹಾಕಿದರೆ ಈ ಕಾಟ ಬಹಳ ತಗ್ಗುತ್ತದೆ. ಒಂದೇ ಒಂದು ಗಿಡುಗನ ಸ್ಟಿಕರ್ ಅಂಟಿಸಿ ಕೂತರೆ ಏನೂ ಆಗುವುದಿಲ್ಲ, ಅದರ ಪಕ್ಕದ ಖಾಲಿ ಗಾಜಿಗೆ ಬಂದು ಬಡಿಯುತ್ತವೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೊದಲು ಲೀಸ್ ಓದಿ. ಫೀಡರ್ ಬೇಡ ಅನ್ನುವ ಕಡೆ ಸುಮಾರಿವೆ, ಇಲಿ ಬರುತ್ತದೆ ಅನ್ನುವ ಕಾರಣಕ್ಕೆ. ಸ್ವಂತ ಮನೆಯಾದರೂ ಕಾಲೊನಿಯ ಸಂಘದ ನಿಯಮ ಒಮ್ಮೆ ನೋಡಿಕೊಳ್ಳಿ. ಒಪ್ಪಿಗೆ ಇದ್ದರೆ ಕಿಟಕಿಗೇ ಅಂಟುವ ಪುಟ್ಟ ಫೀಡರ್ ಸಾಕು. ಹಕ್ಕಿ ನಿಮ್ಮ ಮೂಗಿನ ಹತ್ತಿರವೇ ಬಂದು ಕೂರುತ್ತದೆ. ಒಳಗಿನ ಲೈಟ್ ಆರಿಸಿ, ಗಾಜಿನಿಂದ ನಾಲ್ಕೈದು ಅಡಿ ಹಿಂದೆ ಕುರ್ಚಿ ಹಾಕಿಕೊಂಡು ಕೂತರೆ ಅದಕ್ಕೆ ನೀವು ಅಷ್ಟಾಗಿ ಕಾಣುವುದಿಲ್ಲ.

ಕಾಳಿನ ವಿಚಾರ: ಅರ್ಧ ಅಂಗಡಿ ನಮ್ಮ ಹೊಲದ್ದೇ

ಇಲ್ಲಿ ದುಡ್ಡು ಹಾಳಾಗುವುದು ಜಾಸ್ತಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದೊಡ್ಡ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮಿಕ್ಸ್ ಚೀಲ ತೆಗೆದುಕೊಳ್ಳಬೇಡಿ. ಅದರಲ್ಲಿ ಕೆಂಪಗೆ ಗುಂಡಗೆ ಇರುವ ಕಾಳು ರಾಶಿ ರಾಶಿ ಇರುತ್ತದೆ. ಅದು ಬೇರೇನೂ ಅಲ್ಲ, ಜೋಳ. ಇಲ್ಲಿ ಮೈಲೋ ಅಂತ ಕರೆಯುತ್ತಾರೆ. ಈ ಭಾಗದ ಹಿತ್ತಲ ಹಕ್ಕಿಗಳಲ್ಲಿ ಹೆಚ್ಚಿನವು ಅದನ್ನು ಕೊಕ್ಕಿನಿಂದ ಎತ್ತಿ ಎತ್ತಿ ಕೆಳಗೆ ಬಿಸಾಡುತ್ತವೆ. ತಮಗೆ ಬೇಕಾದ ಒಂದು ಸೂರ್ಯಕಾಂತಿ ಬೀಜ ಸಿಗುವ ತನಕ ಚೀಲದ ಮುಕ್ಕಾಲು ನೆಲದ ಪಾಲು.

ಒಂದೇ ಒಂದು ಕಾಳು ತರುವುದಾದರೆ ಕಪ್ಪು ಸೂರ್ಯಕಾಂತಿ ತನ್ನಿ. ಅಂಗಡಿಯಲ್ಲಿ ಬ್ಲ್ಯಾಕ್ ಆಯಿಲ್ ಸನ್‌ಫ್ಲವರ್ ಅಂತ ಕೇಳಿ. ಸಿಪ್ಪೆ ತೆಳು, ಎಣ್ಣೆ ಜಾಸ್ತಿ. ಹನ್ನೊಂದು ಗ್ರಾಮಿನ ಚಿಕಡೀ ಹಕ್ಕಿಯಿಂದ ಹಿಡಿದು ದೊಡ್ಡ ನೀಲಿ ಹಕ್ಕಿ ಬ್ಲೂ ಜೇ ತನಕ ಎಲ್ಲವೂ ತಿನ್ನುತ್ತವೆ (ಯಾವ ಹಕ್ಕಿ ಹೇಗಿರುತ್ತದೆ ಅಂತ ಮುಂದೆ ಹೇಳುತ್ತೇನೆ). ಗೀರು ಗೀರಾಗಿರುವ ದಪ್ಪ ಸೂರ್ಯಕಾಂತಿ ಸಣ್ಣ ಹಕ್ಕಿಗಳಿಗೆ ಒಡೆಯೋಕೆ ಕಷ್ಟ.

ಆಮೇಲೆ ಎರಡನೆಯ ಹಂತಕ್ಕೆ ಹೋಗಬಹುದು. ಸ್ಯಾಫ್ಲವರ್ ಅಂತ ಬಿಳಿ ಕಾಳು ಸಿಗುತ್ತದೆ, ಅದು ನಮ್ಮ ಉತ್ತರ ಕರ್ನಾಟಕದ ಕುಸುಬೆ. ಕಾರ್ಡಿನಲ್ ಇಷ್ಟಪಟ್ಟು ತಿನ್ನುತ್ತದೆ, ಅಳಿಲಿಗೆ ಅಷ್ಟಾಗಿ ಸೇರುವುದಿಲ್ಲ. ನೈಜರ್ ಅಥವಾ ಥಿಸಲ್ ಅಂತ ಕಪ್ಪಗೆ ಸೂಜಿಯಂಥ ಬೀಜ ಮಾರುತ್ತಾರಲ್ಲ, ಅದು ನಮ್ಮ ಹುಚ್ಚೆಳ್ಳು. ಚಟ್ನಿಪುಡಿ ಮಾಡುತ್ತೇವಲ್ಲ, ಅದೇ. ಭಾರತ ಮತ್ತು ಇಥಿಯೋಪಿಯದಿಂದ ಬರುತ್ತದೆ, ಇಲ್ಲಿ ಮೊಳೆಯದಿರಲಿ ಅಂತ ಬಿಸಿ ಮಾಡಿ ಮಾರುತ್ತಾರೆ. ಬೆಲೆ ಜಾಸ್ತಿ, ಆದರೆ ಗೋಲ್ಡ್‌ಫಿಂಚ್ ಬರಬೇಕು ಅಂದರೆ ಇದು ಬೇಕು. ಇದಕ್ಕೆ ಸಣ್ಣ ಸಣ್ಣ ಸೀಳಿರುವ ಬೇರೆ ಕೊಳವೆ ಫೀಡರ್ ಬೇಕಾಗುತ್ತದೆ. ತೇವ ತಗುಲಿದರೆ ಬೇಗ ಮುಗ್ಗಲು ಬರುತ್ತದೆ, ಅದಕ್ಕೇ ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಇನ್ನು ನೆಲದ ಮೇಲೆ ತಿನ್ನುವ ಜಂಕೋಗಳಿಗೆ ಬಿಳಿ ಬರಗು. ವೈಟ್ ಪ್ರೋಸೋ ಮಿಲೆಟ್ ಅಂತ ಚೀಲದ ಮೇಲೆ ಬರೆದಿರುತ್ತದೆ.

ಉಪ್ಪಿಲ್ಲದ ಕಡಲೆಕಾಯಿ, ಸಿಪ್ಪೆ ಸಮೇತ, ನಾಲ್ಕು ಇಟ್ಟು ನೋಡಿ. ಬ್ಲೂ ಜೇ ಬಂದು ಒಂದೊಂದನ್ನೂ ಎತ್ತಿ ತೂಕ ನೋಡಿ, ಭಾರ ಇರುವುದನ್ನು ಆರಿಸಿ ತೆಗೆದುಕೊಂಡು ಹೋಗುತ್ತದೆ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವ ಅಜ್ಜಿಯ ಹಾಗೆಯೇ.

ಹಾಕಬಾರದ್ದು: ಮಿಕ್ಕಿದ ಅನ್ನ, ಚಪಾತಿ, ಬ್ರೆಡ್. ಊರಲ್ಲಿ ಕಾಗೆಗೆ ಅನ್ನ ಇಡುವ ಅಭ್ಯಾಸ ಇರುವ ಅಮ್ಮಂದಿರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ, ಗೊತ್ತು. ಉಪ್ಪು ಒಗ್ಗರಣೆ ಬಿದ್ದ ಚಿತ್ರಾನ್ನ ಹೊರಗಿಟ್ಟರೆ ರಾತ್ರಿ ಬರುವುದು ಹಕ್ಕಿಯಲ್ಲ. ರಕೂನು, ಪೊಸಮ್ಮು, ಇಲಿ. ಪಕ್ಕದ ಮನೆಯವರ ದೂರು ಅದರ ಹಿಂದೆಯೇ.

ಅಳಿಲಿನ ಜೊತೆ ಯುದ್ಧ

ಫೀಡರನ್ನು ಮರಕ್ಕೆ ಕಟ್ಟಿದರೆ ಅದು ಅಳಿಲಿನ ಫೀಡರ್. ಇಲ್ಲಿಯ ಬೂದು ಅಳಿಲು ನಮ್ಮೂರಿನ ಮೂರು ಗೆರೆ ಅಳಿಲಲ್ಲ, ಅದರ ನಾಲ್ಕೈದು ಪಟ್ಟು ತೂಕ ಇರುತ್ತದೆ. ಒಂದು ಕಬ್ಬಿಣದ ಕಂಬ ನೆಡಿ. ನೆಲ ಹೆಪ್ಪುಗಟ್ಟುವ ಮೊದಲೇ, ಅಂದರೆ ನವೆಂಬರಿನೊಳಗೆ ನೆಡಬೇಕು. ಜನವರಿಯಲ್ಲಿ ನೆಡೋಕೆ ಹೋದರೆ ಕಂಬ ಬಗ್ಗುತ್ತದೆ, ನೆಲ ಬಗ್ಗುವುದಿಲ್ಲ. ಮರ, ಬೇಲಿ, ಡೆಕ್ಕಿನ ಕಟಕಟೆಯಿಂದ ಹತ್ತು ಅಡಿ ದೂರ ಇರಲಿ, ಫೀಡರ್ ಐದು ಅಡಿಗಿಂತ ಎತ್ತರದಲ್ಲಿರಲಿ, ಅದರ ಕೆಳಗೆ ಕಂಬಕ್ಕೆ ಬ್ಯಾಫಲ್ ಅಂತ ಒಂದು ತಗಡಿನ ಕೊಳವೆ ಹಾಕಿ. ಇಷ್ಟು ಮಾಡಿದರೆ ಅಳಿಲು ಕೆಳಗೆ ಬಿದ್ದದ್ದನ್ನು ತಿಂದುಕೊಂಡಿರುತ್ತದೆ. ಇರಲಿ ಬಿಡಿ, ಅದಕ್ಕೂ ಚಳಿ ಅಲ್ವಾ. ಕಿಟಕಿಗೆ 3 ಅಡಿಯೊಳಗೆ ಕಂಬ ನೆಟ್ಟವರು ಗೋಡೆಯ ಕಡೆಯಿಂದ ಜಿಗಿಯುವ ದಾರಿ ಇದೆಯಾ ಅಂತ ನೋಡಿಕೊಂಡು ಜಾಗ ಹಿಡಿಯಿರಿ.

ಖಾರದ ಕಾಳು ಅಂತ ಬೇರೆ ಸಿಗುತ್ತದೆ. ಹಕ್ಕಿಗೆ ಮೆಣಸಿನಕಾಯಿಯ ಖಾರ ಗೊತ್ತಾಗುವುದಿಲ್ಲ, ಅಳಿಲಿಗೆ ಗೊತ್ತಾಗುತ್ತದೆ. ಹಾಗಂತ ಮನೆಯ ಮೆಣಸಿನಪುಡಿಯನ್ನು ಕಾಳಿಗೆ ಉದುರಿಸೋಕೆ ಹೋಗಬೇಡಿ. ಗಾಳಿಗೆ ಎದ್ದು ಹಕ್ಕಿಯ ಕಣ್ಣಿಗೂ ನಿಮ್ಮ ಕಣ್ಣಿಗೂ ಬೀಳುತ್ತದೆ. ಅದರಲ್ಲೂ ಬ್ಯಾಡಗಿ ಪುಡಿಯಾದರೆ ಬಣ್ಣ ಬರುತ್ತದೆಯೇ ಹೊರತು ಅಳಿಲು ಓಡುವಷ್ಟು ಖಾರ ಎಲ್ಲಿದೆ ಅದರಲ್ಲಿ?

ಕೊಬ್ಬು ಮತ್ತು ನೀರು

ಸೂಯೆಟ್ ಅನ್ನುವ ಚೌಕಾಕಾರದ ಬಿಲ್ಲೆಗಳು ಎಲ್ಲ ಅಂಗಡಿಯಲ್ಲೂ ಇರುತ್ತವೆ. ಮರಕುಟಿಗಗಳು ಅದಕ್ಕೆ ಪ್ರಾಣ ಬಿಡುತ್ತವೆ. ಅದು ದನದ ಕೊಬ್ಬು ಅನ್ನುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ, ಮನೆಗೆ ತಂದು ಫ್ರಿಜ್ಜಿನಲ್ಲಿ ಇಟ್ಟಾದ ಮೇಲೆ ಚೀಟಿ ಓದಿ ಗಲಾಟೆ ಆಗುತ್ತದೆ. ಮುಟ್ಟಲು ಮನಸ್ಸಿಲ್ಲದವರಿಗೆ ಬೇರೆ ದಾರಿ ಇದೆ. ಉಪ್ಪು ಸಕ್ಕರೆ ಇಲ್ಲದ ಪೀನಟ್ ಬಟರಿಗೆ ಮೆಕ್ಕೆಜೋಳದ ತರಿ ಬೆರೆಸಿ ಗಟ್ಟಿಯಾಗಿ ಕಲಸಿ. ಒಂದು ಒಣ ಕೊಂಬೆಯಲ್ಲಿ ಅಲ್ಲಲ್ಲಿ ತೂತು ಕೊರೆದು ಅದರೊಳಗೆ ತುಂಬಿ ನೇತುಹಾಕಿ. ಅಥವಾ ಒರಟು ತೊಗಟೆಯ ಸಂದಿಗೆ ಮೆತ್ತಿ. ಮರಕುಟಿಗ, ನಟ್‌ಹ್ಯಾಚ್, ಚಿಕಡೀ ಮೂರೂ ಬರುತ್ತವೆ.

ನೀರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸುತ್ತ ಅಷ್ಟೊಂದು ಹಿಮ ಇದ್ದರೂ ಕುಡಿಯೋಕೆ ನೀರಿಲ್ಲ. ಹಕ್ಕಿ ಹಿಮ ತಿನ್ನುತ್ತದೆ, ನಿಜ. ಆದರೆ ಅದನ್ನು ಕರಗಿಸೋಕೆ ಮೈಯೊಳಗಿನ ಬಿಸಿ ಖರ್ಚಾಗಬೇಕು. ವಿದ್ಯುತ್ತಿನಿಂದ ಬೆಚ್ಚಗಿರುವ ಹಕ್ಕಿ ತೊಟ್ಟಿ ಸಿಗುತ್ತದೆ, ಬಿಸಿನೀರಾಗುವಷ್ಟು ಅಲ್ಲ, ಹೆಪ್ಪುಗಟ್ಟದ ಹಾಗೆ ಮಾತ್ರ. ಹೊರಗಡೆಗೆಂದೇ ಇರುವ, ಶಾಕ್ ಆದರೆ ತಾನೇ ಆಫ್ ಆಗುವ ಜಿಎಫ್‌ಸಿಐ ಸಾಕೆಟ್ಟಿಗೇ ಅದನ್ನು ಜೋಡಿಸಿ. ಒಂದೆರಡು ಇಂಚು ಆಳ ಸಾಕು, ನಡುವೆ ಒಂದು ಕಲ್ಲು ಇಡಿ. ಉಪ್ಪು, ಕಾರಿನ ಆಂಟಿಫ್ರೀಜ್ ಯಾವ ಕಾರಣಕ್ಕೂ ಹಾಕಬೇಡಿ, ಅದು ವಿಷ.

ಸ್ನೋ ಬರುವ ಹಿಂದಿನ ದಿನ

ಇನ್ನು ಅಸಲು ವಿಷಯ. ಫೋನಿನಲ್ಲಿ ನಾಳೆ ಆರು ಇಂಚು ಅಂತ ತೋರಿಸಿದ ದಿನ ಮಧ್ಯಾಹ್ನದಿಂದಲೇ ಫೀಡರ್ ಕಡೆ ಕಣ್ಣಿಡಿ. ಮಾಮೂಲಿ ದಿನ ಬಿಟ್ಟು ಬಿಟ್ಟು ಬರುವ ಹಕ್ಕಿಗಳು ಅವತ್ತು ಸಾಲಾಗಿ ಬರುತ್ತಿರುತ್ತವೆ. ಗಾಳಿಯ ಒತ್ತಡ ಇಳಿಯುವುದು ಹಕ್ಕಿಗಳಿಗೆ ತಿಳಿಯುತ್ತದೆ. ಒತ್ತಡವನ್ನು ಬೇಕೆಂದೇ ಇಳಿಸಿ ಗುಬ್ಬಿಯಂಥ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ, ಅವು ತಿನ್ನುವ ಆತುರ ಹೆಚ್ಚಾದದ್ದು ಕಂಡಿದೆ. ಹಾಗಾಗಿ ಹಿಂದಿನ ಮಧ್ಯಾಹ್ನವೇ ಫೀಡರ್ ತುಂಬಿ. ಮೇಲೆ ಒಂದು ಬುಟ್ಟಿಯಾಕಾರದ ಪ್ಲಾಸ್ಟಿಕ್ ಮುಚ್ಚಳ ನೇತುಹಾಕಿದರೆ ಕಾಳು ಒದ್ದೆಯಾಗಿ ಗಡ್ಡೆ ಕಟ್ಟುವುದಿಲ್ಲ.

ಇನ್ನೊಂದು ಕೆಲಸ ಮಾಡಬಹುದು. ಕ್ರಿಸ್‌ಮಸ್ ಮುಗಿದ ಮೇಲೆ ಬೀದಿಯವರೆಲ್ಲ ತಮ್ಮ ಮನೆಯ ನಿಜವಾದ ಕ್ರಿಸ್‌ಮಸ್ ಮರವನ್ನು ರಸ್ತೆ ಬದಿಗೆ ಎಸೆದಿರುತ್ತಾರೆ. ಒಂದನ್ನು ಕೇಳಿ ತಂದು, ಅಲಂಕಾರದ ಚೂರುಗಳನ್ನೆಲ್ಲ ಕಿತ್ತು, ಫೀಡರಿನಿಂದ ಹತ್ತು ಹನ್ನೆರಡು ಅಡಿ ದೂರಕ್ಕೆ ಮಲಗಿಸಿ. ಬಿರುಗಾಳಿ ಬಂದಾಗ ಹಕ್ಕಿಗಳು ಅದರೊಳಗೆ ನುಗ್ಗುತ್ತವೆ. ಕಂಬಕ್ಕೆ ತೀರಾ ಹತ್ತಿರ ಇಡಬೇಡಿ, ಬೆಕ್ಕು ಹೊಂಚು ಹಾಕುತ್ತದೆ, ಅಳಿಲಿಗೂ ಜಿಗಿಯೋಕೆ ಅನುಕೂಲ.

ಬೀಳುತ್ತಿರುವಾಗ

ಸ್ನೋ ಎಲ್ಲ ಒಂದೇ ಥರ ಬೀಳುವುದಿಲ್ಲ. ತಾಪಮಾನ 32 ಫ್ಯಾರನ್‌ಹೀಟ್ ಆಸುಪಾಸು ಇದ್ದರೆ ಹಲವು ಹರಳುಗಳು ಅಂಟಿಕೊಂಡು ದೊಡ್ಡ ದೊಡ್ಡ ತುಂಡಾಗಿ, ಒದ್ದೆಯಾಗಿ ಬೀಳುತ್ತವೆ. ಮಕ್ಕಳು ಗೊಂಬೆ ಮಾಡೋದು ಇದರಲ್ಲೇ. ಇದು ಭಾರ ಜಾಸ್ತಿ, ವಯಸ್ಸಾದವರ ಕೈಗೆ ಸ್ನೋ ಎತ್ತುವ ಶವೆಲ್ ಕೊಡಬೇಡಿ. ಚಳಿ ಹೆಚ್ಚಿದ ಹಾಗೆ ಪುಡಿಯಂಥ ಹಗುರ ಸ್ನೋ. ಹರಳಿನ ಆಕಾರ ನಿಂತಿರುವುದು ಮೋಡದೊಳಗಿನ ಚಳಿ ಮತ್ತು ತೇವದ ಮೇಲೆ. ಮೈನಸ್ 5 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಸೂಜಿಗಳು, ಮೈನಸ್ 15ರ ಹತ್ತಿರ ಆರು ಕೈಯಿರುವ, ಚಿತ್ರದಲ್ಲಿ ನೋಡುವಂಥ ನಕ್ಷತ್ರಗಳು.

ಅದನ್ನು ನೋಡೋಕೆ ದುಬಾರಿ ಸಾಮಾನು ಬೇಡ. ಒಂದು ಕಪ್ಪು ಬಟ್ಟೆ, ಮಖಮಲ್ ಆದರೆ ಒಳ್ಳೆಯದು, ಒಂದು ರಟ್ಟಿಗೆ ಸುತ್ತಿ ಅರ್ಧ ಗಂಟೆ ಹೊರಗೆ ನೆರಳಲ್ಲಿ ಇಡಿ. ಭೂತಗನ್ನಡಿಯನ್ನೂ ಅದರ ಜೊತೆಗೇ ಇಡಿ. ಎರಡೂ ತಣ್ಣಗಾಗಬೇಕು, ಮನೆಯ ಬಿಸಿ ಇದ್ದರೆ ಹರಳು ಮುಟ್ಟಿದ ಕೂಡಲೇ ನೀರು. ಆಮೇಲೆ ರಟ್ಟನ್ನು ಕೈಯಲ್ಲಿ ಹಿಡಿದು ನಾಲ್ಕು ಹರಳು ಬೀಳುವ ತನಕ ಕಾಯಿರಿ, ಉಸಿರು ಅದರ ಮೇಲೆ ಬಿಡದ ಹಾಗೆ ಮುಖ ಓರೆ ಮಾಡಿ ನೋಡಿ. ವರ್ಮಾಂಟಿನ ಜೆರಿಕೋ ಅನ್ನುವ ಹಳ್ಳಿಯ ರೈತ ವಿಲ್ಸನ್ ಬೆಂಟ್ಲಿಗೂ ಇದೇ ಹುಚ್ಚು. 1885ರಲ್ಲಿ ಆತ ಕ್ಯಾಮೆರಾಕ್ಕೆ ಸೂಕ್ಷ್ಮದರ್ಶಕ ಜೋಡಿಸಿ ಒಂದು ಹರಳಿನ ಫೋಟೊ ತೆಗೆದ. ಆಮೇಲೆ ಬದುಕಿಡೀ ಅದೇ ಕೆಲಸ, 5,000ಕ್ಕೂ ಹೆಚ್ಚು ಚಿತ್ರ. ಈಗ ಫೋನಿಗೆ ಸಿಕ್ಕಿಸುವ ಪುಟ್ಟ ಮ್ಯಾಕ್ರೋ ಲೆನ್ಸ್ ಇದ್ದರೆ ನಮಗೂ ಒಂದು ಮಟ್ಟಿಗೆ ಸಿಗುತ್ತದೆ.

ಈಗ ಒಳಗೆ ಬನ್ನಿ. ಫೀಡರಿನ ಕೆಳಗೆ ಕೂತಿರುವ ಜಂಕೋವನ್ನು ನೋಡಿ. ಅದರ ಬೆನ್ನ ಮೇಲೆ ಸ್ನೋ ಬಿದ್ದಿದೆ, ಕರಗಿಲ್ಲ. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ಸಿಗೂ ಜಾಸ್ತಿ ಇರುವ ಪ್ರಾಣಿಯ ಬೆನ್ನ ಮೇಲೆ ಸ್ನೋ ಹಾಗೇ ಕೂತಿದೆ ಅಂದರೆ ಆ ಗರಿಗಳು ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತಲೇ ಇಲ್ಲ ಅಂತ ಅರ್ಥ. ಗರಿಗಳನ್ನೆಲ್ಲ ಉಬ್ಬಿಸಿಕೊಂಡು ಗುಂಡಗಾಗಿರುತ್ತದೆ, ಒಂದು ಕಾಲನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸುತ್ತದೆ. ಆಮೇಲೆ ಎರಡೂ ಕಾಲಿನಿಂದ ಒಟ್ಟಿಗೆ ಹಿಂದಕ್ಕೆ ಕೆರೆದು, ಹೊಸ ಸ್ನೋದ ಕೆಳಗಿನ ಬರಗಿನ ಕಾಳು ಹೊರಗೆ ತೆಗೆಯುತ್ತದೆ.

ಗಾಳಿಯಿಲ್ಲದೆ ಸುಮ್ನೆ ಬೀಳುವ ಸ್ನೋದಲ್ಲಿ ಹಕ್ಕಿಗಳು ದಿನವಿಡೀ ತಿನ್ನುತ್ತವೆ. ಗಾಳಿ ಎದ್ದು ಬಿಳಿ ಪರದೆ ಎಳೆದ ಮೇಲೆ ಯಾವುದೂ ಕಾಣುವುದಿಲ್ಲ, ಎಲ್ಲ ದಟ್ಟವಾದ ಪೈನ್ ಮರದ ಒಳಗೆ. ಆಗ ನೀವೂ ಎದ್ದು ಅಡುಗೆ ಕೆಲಸ ನೋಡಿಕೊಳ್ಳಿ.

ಮಾರನೆಯ ಬೆಳಿಗ್ಗೆ

ಡ್ರೈವ್‌ವೇ ಮೊದಲು ಅಲ್ಲ, ಫೀಡರ್ ಮೊದಲು. ರಾತ್ರಿಯಿಡೀ ನಡುಗಿ ನಡುಗಿ ಮೈ ಬೆಚ್ಚಗಿಟ್ಟುಕೊಂಡ ಹಕ್ಕಿಗೆ ಬೆಳಗಿನ ಮೊದಲ ಗಂಟೆಯ ತುತ್ತು ಬಹಳ ಮುಖ್ಯ. ಚಿಕಡೀಯಂತೂ ತೀರಾ ಚಳಿಯ ರಾತ್ರಿ ತನ್ನ ಮೈಯ ತಾಪವನ್ನು ಹತ್ತು ಡಿಗ್ರಿ ಸೆಲ್ಸಿಯಸ್ಸಿನಷ್ಟು ಇಳಿಸಿಕೊಂಡು ಕೊಬ್ಬು ಉಳಿಸುತ್ತದೆ. ತಟ್ಟೆಯ ಮೇಲಿನ ಸ್ನೋ ಗುಡಿಸಿ. ಕಂಬದ ಬುಡದಲ್ಲಿ ನಾಲ್ಕಡಿ ಜಾಗವನ್ನು ಬೂಟಿನಿಂದ ತುಳಿದು ಗಟ್ಟಿ ಮಾಡಿ, ಅಲ್ಲಿ ಬರಗು, ಕುಸುಬೆ ಚೆಲ್ಲಿ. ಪುಡಿ ಸ್ನೋ ಮೇಲೆ ಚೆಲ್ಲಿದರೆ ಕಾಳು ಹೂತುಹೋಗುತ್ತದೆ. ಒಂದು ದಿನಕ್ಕೆ ಮುಗಿಯುವಷ್ಟೇ ಚೆಲ್ಲಿ, ಉಳಿದರೆ ಜಿಂಕೆ, ಇಲಿ.

ಹೊಸ ಸ್ನೋ ಮೇಲೆ ಹೆಜ್ಜೆ ಓದುವುದು ಮಕ್ಕಳಿಗೆ ಬಹಳ ಇಷ್ಟ ಆಗುತ್ತದೆ. ಜಂಕೋ ಕುಪ್ಪಳಿಸುತ್ತದೆ, ಎರಡೆರಡು ಹೆಜ್ಜೆ ಜೋಡಿ ಜೋಡಿಯಾಗಿ ಮೂಡಿರುತ್ತವೆ. ಮೌರ್ನಿಂಗ್ ಡವ್ ಅನ್ನುವ ಬೂದು ಪಾರಿವಾಳ ನಮ್ಮ ಹಾಗೆ ನಡೆಯುತ್ತದೆ, ಒಂದಾದ ಮೇಲೆ ಒಂದು. ಸಣ್ಣ ಸಣ್ಣ ಹೆಜ್ಜೆಯ ನಡುವೆ ಬಾಲದ ಗೆರೆ ಕಂಡರೆ ಅದು ಇಲಿ.

ಎಷ್ಟು ಬಿತ್ತು ಅಂತ ಅಳೆಯೋಕೆ ಒಂದೂವರೆ ಎರಡು ಅಡಿ ಚೌಕದ ಪ್ಲೈವುಡ್ಡಿಗೆ ಬಿಳಿ ಬಣ್ಣ ಬಳಿದು, ಗಾಳಿ ಸುತ್ತಿಕೊಳ್ಳದ ಬಯಲಲ್ಲಿ ಇಡಿ. ಪಕ್ಕದಲ್ಲಿ ಒಂದು ಕಡ್ಡಿ ನೆಡಿ, ಇಲ್ಲದಿದ್ದರೆ ಹಲಗೆಯೇ ಸಿಗುವುದಿಲ್ಲ. ಇಂಚನ್ನು ಹತ್ತು ಭಾಗ ಮಾಡಿದ ಅಳತೆಕೋಲು ಬೇಕು. ಅಳೆದ ಮೇಲೆ ಗುಡಿಸಿ ಮತ್ತೆ ಇಡಿ. ಗಂಟೆಗೊಮ್ಮೆ ಗುಡಿಸಿ ಅಳೆದು ಕೂಡಿಸಿದರೆ ಲೆಕ್ಕ ಸುಳ್ಳೇ ಜಾಸ್ತಿಯಾಗುತ್ತದೆ, ಯಾಕಂದರೆ ಸ್ನೋ ತನ್ನ ಭಾರಕ್ಕೇ ಕುಸಿಯುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಗುಡಿಸಬಾರದು ಅನ್ನುವುದು ಇಲ್ಲಿಯ ಹವಾಮಾನ ಇಲಾಖೆಯ ನಿಯಮ. ಹತ್ತು ಇಂಚು ಸ್ನೋ ಕರಗಿದರೆ ಸುಮಾರಾಗಿ ಒಂದು ಇಂಚು ಮಳೆಯಷ್ಟು ನೀರು. ಪುಡಿ ಸ್ನೋ ಆದರೆ ಇಪ್ಪತ್ತು ಇಂಚು ಬೇಕಾಗಬಹುದು, ಒದ್ದೆ ಸ್ನೋ ಆದರೆ ಐದೇ ಸಾಕು. ಊರಲ್ಲಿ ತೋಟದ ಮಳೆ ಲೆಕ್ಕ ಬರೆದಿಟ್ಟು ಅಭ್ಯಾಸ ಇರುವ ಅಪ್ಪಂದಿರಿಗೆ ಈ ಕೆಲಸ ಒಪ್ಪಿಸಿ ನೋಡಿ.

ಯಾರು ಯಾರು

ಆ್ಯಪ್ ಬೇಕಿದ್ದರೆ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಹಾಕಿಕೊಳ್ಳಿ, ಉಚಿತ. ದನಿ ಕೇಳಿ ಹೆಸರು ಹೇಳುತ್ತದೆ. ಆದರೆ ಅದು ಹೇಳಿದ್ದನ್ನೆಲ್ಲ ನಂಬಬೇಡಿ, ಕಣ್ಣಿಂದ ನೋಡಿ ಖಚಿತ ಮಾಡಿಕೊಳ್ಳಿ.

ಮೊದಲು ಬರುವುದು ಬ್ಲ್ಯಾಕ್ ಕ್ಯಾಪ್ಡ್ ಚಿಕಡೀ. ಕಪ್ಪು ಟೋಪಿ, ಕಪ್ಪು ಗದ್ದ, ಬಿಳಿ ಕೆನ್ನೆ. ಬೆಂಗಳೂರಿನ ತೋಟಗಳಲ್ಲಿ ಕಾಣುವ ಟಿಟ್ ಹಕ್ಕಿಯ ದಾಯಾದಿ ಇದು. ಒಂದೇ ಒಂದು ಬೀಜ ಎತ್ತಿಕೊಂಡು ಹಾರುತ್ತದೆ, ಕೊಂಬೆಯ ಮೇಲೆ ಎರಡು ಕಾಲಿನ ನಡುವೆ ಬೀಜ ಒತ್ತಿ ಹಿಡಿದು ಕುಟ್ಟಿ ಒಡೆಯುತ್ತದೆ. ಕೆಲವನ್ನು ತೊಗಟೆಯ ಸಂದಿಯಲ್ಲಿ ಬಚ್ಚಿಡುತ್ತದೆ, ಎಲ್ಲಿ ಇಟ್ಟಿದ್ದೇನೆ ಅನ್ನುವುದೂ ನೆನಪಿರುತ್ತದೆ. ಅದರ ಕೂಗು ಚಿಕ-ಡೀ-ಡೀ. ಕೊನೆಯ ಡೀ ಎಷ್ಟು ಸಲ ಬರುತ್ತದೆ ಅಂತ ಎಣಿಸಿ. ಅಪಾಯ ಹೆಚ್ಚಿದಷ್ಟೂ ಡೀಗಳು ಹೆಚ್ಚು, ಇದನ್ನು ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟಿದ್ದಾರೆ.

ಕಾರ್ಡಿನಲ್ ಯಾರಿಗೂ ತಪ್ಪುವುದಿಲ್ಲ. ಬಿಳಿ ಸ್ನೋ ಮೇಲೆ ಕುಂಕುಮದ ಬಣ್ಣ. ಇಲಿನಾಯ್, ಇಂಡಿಯಾನ, ಒಹಾಯೋ ಸೇರಿ ಏಳು ರಾಜ್ಯಗಳ ರಾಜ್ಯಪಕ್ಷಿ. ಹೆಣ್ಣು ಕಂದು, ಕೊಕ್ಕು ಮಾತ್ರ ಕಿತ್ತಳೆ ಕೆಂಪು. ನನ್ನ ಕಣ್ಣಿಗೆ ಹೆಣ್ಣೇ ಚಂದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು, ಸಂಜೆ ಎಲ್ಲರಿಗಿಂತ ಕೊನೆಗೆ ಬರುತ್ತದೆ, ಅರೆಗತ್ತಲಲ್ಲಿ. ಒಂಬತ್ತು ಗಂಟೆಗೆ ಎದ್ದು ಕಾರ್ಡಿನಲ್ ಬರಲ್ಲ ಅಂತ ದೂರಬೇಡಿ.

ಮರದ ಮೇಲಿಂದ ತಲೆ ಕೆಳಗೆ ಮಾಡಿಕೊಂಡು ಇಳಿದು ಬರುವುದು ನಟ್‌ಹ್ಯಾಚ್. ಡೌನಿ ಮತ್ತು ಹೇರಿ ಅಂತ ಎರಡು ಮರಕುಟಿಗಗಳು ಕಪ್ಪು ಬಿಳುಪಲ್ಲಿ ಒಂದೇ ಥರ ಕಾಣುತ್ತವೆ. ಕೊಕ್ಕು ನೋಡಿ: ತಲೆಯ ಅರ್ಧಕ್ಕಿಂತ ಚಿಕ್ಕದಾದರೆ ಡೌನಿ, ತಲೆಯಷ್ಟೇ ಉದ್ದ ಇದ್ದರೆ ಹೇರಿ. ಗಂಡಿಗೆ ಹಿಂದಲೆಯಲ್ಲಿ ಕೆಂಪು ಚುಕ್ಕೆ. ಜಂಕೋ ಮೇಲೆ ಬೂದು, ಹೊಟ್ಟೆ ಬಿಳಿ; ಹಾರಿದಾಗ ಬಾಲದ ಎರಡೂ ಅಂಚಲ್ಲಿ ಬಿಳಿ ಗರಿ ಮಿಂಚುತ್ತದೆ. ಬೇಸಿಗೆಯಲ್ಲಿ ಹಳದಿ ಇದ್ದ ಗೋಲ್ಡ್‌ಫಿಂಚ್ ಚಳಿಗಾಲದಲ್ಲಿ ಮಾಸಿದ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ, ಬೇರೆ ಹಕ್ಕಿ ಅಂದುಕೊಂಡು ಮೋಸಹೋಗಬೇಡಿ. ಮತ್ತೆ ಗುಬ್ಬಿ ಇದೆ, ನಮ್ಮದೇ ಗುಬ್ಬಚ್ಚಿ. 1850ರ ಆಸುಪಾಸಿನಲ್ಲಿ ಯುರೋಪಿನಿಂದ ಬ್ರೂಕ್ಲಿನ್‌ಗೆ ತಂದು ಬಿಟ್ಟದ್ದು, ಈಗ ದೇಶದ ತುಂಬ. ಇಲ್ಲಿಯವರಿಗೆ ಅದನ್ನು ಕಂಡರೆ ಅಷ್ಟಕ್ಕಷ್ಟೇ, ಸ್ಥಳೀಯ ಹಕ್ಕಿಗಳ ಗೂಡು ಕಿತ್ತುಕೊಳ್ಳುತ್ತದೆ ಅಂತ. ಊರಿಂದ ಬಂದ ಅಜ್ಜಿಗೆ ಮಾತ್ರ ಅದೇ ಮೊದಲ ಪರಿಚಯ.

ಒಂದು ದಿನ ಇದ್ದಕ್ಕಿದ್ದಂತೆ ಹಿತ್ತಲು ಪೂರ್ತಿ ಖಾಲಿ. ಶಬ್ದವೇ ಇಲ್ಲ. ಕಾಂಡದ ಮೇಲಿನ ಡೌನಿ ಅಲ್ಲಾಡದೆ ತೊಗಟೆಗೆ ಅಂಟಿಕೊಂಡಿದೆ. ಆಗ ಮೇಲಿನ ಕೊಂಬೆಗಳನ್ನು ಹುಡುಕಿ, ಕೂಪರ್ಸ್ ಹಾಕ್ ಅನ್ನುವ ಬಿಜ್ಜು ಕೂತಿರುತ್ತದೆ. ಅದು ಒಂದು ಪಾರಿವಾಳ ಹಿಡಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದಕ್ಕೂ ಹೊಟ್ಟೆ ಇದೆ. ದಿನಾ ಬಂದು ಅಲ್ಲೇ ಠಿಕಾಣಿ ಹೂಡಿದರೆ ಒಂದೆರಡು ವಾರ ಫೀಡರ್ ತೆಗೆದಿಡಿ, ತಾನೇ ಬೇರೆ ಕಡೆ ಹೋಗುತ್ತದೆ.

ತೊಳೆಯುವ ಕೆಲಸ

ಯಾರಿಗೂ ಇಷ್ಟವಿಲ್ಲ, ಆದರೆ ಮಾಡಲೇಬೇಕು. ಎರಡು ವಾರಕ್ಕೊಮ್ಮೆ ಫೀಡರ್ ಬಿಚ್ಚಿ, ಸೋಪು ಹಾಕಿ ತಿಕ್ಕಿ, ಒಂಬತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. ಅಡುಗೆಮನೆ ಸಿಂಕಿನಲ್ಲಿ ಬೇಡ. 2020-21ರ ಚಳಿಗಾಲದಲ್ಲಿ ಪೈನ್ ಸಿಸ್ಕಿನ್ ಅನ್ನುವ ಹಕ್ಕಿಗಳಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಹಬ್ಬಿ, ಫೀಡರ್ ಮುಟ್ಟಿದ ಕೆಲವು ಜನರಿಗೂ ತಗುಲಿತ್ತು. ಕಣ್ಣು ಊದಿಕೊಂಡ ಫಿಂಚ್, ಅಥವಾ ಹತ್ತಿರ ಹೋದರೂ ಹಾರದೆ ಮಂಕಾಗಿ ಕೂತ ಹಕ್ಕಿ ಕಂಡರೆ ಫೀಡರ್ ಇಳಿಸಿ, ತೊಳೆದು, ಎರಡು ವಾರ ಬಿಟ್ಟು ಮತ್ತೆ ಹಾಕಿ. ತುಂಬಿದ ಮೇಲೆ ಕೈ ತೊಳೆದುಕೊಳ್ಳಿ.

ಎಣಿಕೆ, ಊರಿಗೆ ಹೋಗೋದು, ಮುಗಿಸೋದು

ಫೆಬ್ರವರಿ ನಡುವೆ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆ ನಡೆಯುತ್ತದೆ, 1998ರಿಂದ. ಕನಿಷ್ಠ ಹದಿನೈದು ನಿಮಿಷ ಕೂತು ಕಂಡ ಹಕ್ಕಿಗಳನ್ನು ಎಣಿಸಿ, ಹಕ್ಕಿ ಲೆಕ್ಕದ ಜಾಲತಾಣ ಈಬರ್ಡ್‌ನಲ್ಲೋ ಮರ್ಲಿನ್‌ನಲ್ಲೋ ಹಾಕಿದರೆ ಆಯಿತು. ಭಾರತದಲ್ಲೂ 2013ರಿಂದ ಇದೇ ದಿನಗಳಲ್ಲಿ ಎಣಿಸುತ್ತಾರೆ. ಹಾಗಾಗಿ ಮೈಸೂರಿನಲ್ಲಿರುವ ತಂಗಿ ಬೆಳಿಗ್ಗೆ ಪಿಕಳಾರ ಎಣಿಸಿ ಮುಗಿಸಿದ ದಿನವೇ ನೀವು ಇಲ್ಲಿ ಜಂಕೋ ಎಣಿಸಬಹುದು. ಪ್ರಾಜೆಕ್ಟ್ ಫೀಡರ್‌ವಾಚ್ ಅನ್ನುವ ಇನ್ನೊಂದು ಎಣಿಕೆ ನವೆಂಬರ್ 1ರಿಂದ ಏಪ್ರಿಲ್ 30ರ ತನಕ. ಅದಕ್ಕೆ ಸ್ವಲ್ಪ ಶುಲ್ಕ ಇದೆ. ಅದರ ಎಣಿಕೆಯಲ್ಲಿ ಒಂದು ನಿಯಮ: ಒಂದೇ ಸಲಕ್ಕೆ ಕಣ್ಣಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆ ಮಾತ್ರ ಬರೆಯಿರಿ. ಒಂದೇ ಚಿಕಡೀ ಇಪ್ಪತ್ತು ಸಲ ಬಂದರೆ ಅದು ಇಪ್ಪತ್ತು ಚಿಕಡೀ ಅಲ್ಲ.

ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋಗುತ್ತೇವೆ, ಹಕ್ಕಿಗಳು ಉಪವಾಸ ಬೀಳುತ್ತವಾ ಅಂತ ಕೇಳುವವರು ತುಂಬ ಜನ. ಇಲ್ಲ. 1980ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಚಿಕಡೀಗಳ ಮೇಲೆ ನಡೆದ ಅಧ್ಯಯನದಲ್ಲಿ ಫೀಡರ್ ಇದ್ದ ಕಡೆಯೂ ಅವು ದಿನದ ಆಹಾರದ ಕಾಲು ಭಾಗದಷ್ಟನ್ನು ಮಾತ್ರ ಅಲ್ಲಿಂದ ಪಡೆಯುತ್ತಿದ್ದವು. ಫೀಡರ್ ತೆಗೆದ ಮೇಲೂ ಅವು ಫೀಡರ್ ಇಲ್ಲದ ಕಡೆಯ ಚಿಕಡೀಗಳಷ್ಟೇ ಚೆನ್ನಾಗಿ ಬದುಕಿದವು. ತೀರಾ ಕೊರೆಯುವ ಚಳಿಯಲ್ಲಿ ಮಾತ್ರ ಫೀಡರ್ ಇದ್ದವುಗಳಿಗೆ ಅನುಕೂಲ ಎದ್ದು ಕಂಡಿತು. ಹಾಗಾಗಿ ಧೈರ್ಯವಾಗಿ ಹೋಗಿಬನ್ನಿ. ಪಕ್ಕದ ಮನೆ ಹುಡುಗ ವಾರಕ್ಕೊಮ್ಮೆ ತುಂಬುತ್ತಾನೆ ಅಂದರೆ ಇನ್ನೂ ಒಳ್ಳೆಯದು, ಬರುವಾಗ ಅವನಿಗೊಂದು ಮೈಸೂರು ಪಾಕಿನ ಡಬ್ಬಿ ತನ್ನಿ.

ಏಪ್ರಿಲ್ ಹೊತ್ತಿಗೆ ಸ್ನೋ ಕರಗಿ, ಕಂಬದ ಕೆಳಗೆ ಸೂರ್ಯಕಾಂತಿ ಸಿಪ್ಪೆಯ ಕಪ್ಪು ಚಾಪೆ ಕಾಣಿಸಿಕೊಳ್ಳುತ್ತದೆ. ಅದನ್ನು ಬಾಚಿ ಚೀಲಕ್ಕೆ ತುಂಬಿ ಕಸಕ್ಕೆ ಹಾಕಿ, ಬಿಟ್ಟರೆ ಕೊಳೆತು ರೋಗ, ಮತ್ತೆ ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಕರಡಿ ಇರುವ ಕಡೆಯವರು ಫೀಡರನ್ನು ಆ ಹೊತ್ತಿಗೆ ಒಳಗೆ ತರಲೇಬೇಕು, ಚಳಿನಿದ್ದೆಯಿಂದ ಎದ್ದ ಕರಡಿ ಕಂಬವನ್ನೇ ಮುರಿದು ಹಾಕುತ್ತದೆ. ಉಳಿದ ಕಾಳನ್ನು ಗರಾಜಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲೇ ಇಡಬೇಡಿ, ಇಲಿ ಕೊರೆಯುತ್ತದೆ. ಗಟ್ಟಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿ, ಬೇಸಿಗೆಯ ಬಿಸಿಗೆ ಎಣ್ಣೆ ಕೆಡುವ ಮೊದಲೇ ಮುಗಿಸಿಬಿಡಿ.